ತಾಟಿನ ಅಂಚಿನ ಲೆಕ್ಕ

ಸಮಯಕ್ಕೆ ಒದಗದ ನೆಂಟನಿಗೂ, ಮದುವೆ ಮುಗಿದ ಮೇಲೆ ಅಕ್ಕಸಾಲಿಗನು ತಂದುಕೊಟ್ಟ ಒಡವೆಗೂ ಕನ್ನಡಿಗರು ಒಂದೇ ಹೆಸರನ್ನಿಟ್ಟಿದ್ದಾರೆ: ಊಟಕ್ಕಿಲ್ಲದ ಉಪ್ಪಿನಕಾಯಿ. ಈ ಮಾತನ್ನು ಮೊದಲು ಆಡಿದವನು ಅನ್ನವನ್ನಾಗಲಿ ರೊಟ್ಟಿಯನ್ನಾಗಲಿ ಆರಿಸಿಕೊಳ್ಳದೆ ಉಪ್ಪಿನಕಾಯಿಯನ್ನೇ ಹಿಡಿದನೆಂಬುದು ವಿಚಾರಾರ್ಹವಾಗಿದೆ. ತಾಟಿನ ನಡುವೆ ಬೀಳುವ ಪದಾರ್ಥ ಹೊಟ್ಟೆಯನ್ನು ತುಂಬುತ್ತದೆ. ಉಂಡೆನೆಂಬ ತೃಪ್ತಿಯನ್ನು ಕೊಡುವುದು ಅಂಚಿನಲ್ಲಿ ಬೀಳುವ ಚಿಟಿಕೆ ಪದಾರ್ಥ. ಮನೆಯಲ್ಲಿ ಇದಕ್ಕೆ ಲೆಕ್ಕವಿಲ್ಲ. ಹೊರಗೆ, ಹಣ ಕೊಟ್ಟು ಉಣ್ಣುವಲ್ಲಿ, ಅದು ಕೇಳದೆ ಬರುತ್ತದೆಯೋ ಕೇಳಿದ ಮೇಲೆ ಬರುತ್ತದೆಯೋ, ಕೇಳಿ ಪಡೆದುದಕ್ಕೆ ಬೇರೆ ಬೆಲೆಯುಂಟೋ ಇಲ್ಲವೋ ಎಂಬ ಪ್ರಶ್ನೆಗಳಿಗೆ ಒಂದೊಂದು ನಾಡು ಒಂದೊಂದು ಉತ್ತರವನ್ನು ಕಂಡುಕೊಂಡಿದೆ. ಹುಬ್ಬಳ್ಳಿ-ಧಾರವಾಡದ ಖಾನಾವಳಿಯ ಉತ್ತರ ಒಂದು ಬಗೆಯದು; ಜರ್ಮನಿಯ ಊಟದ ಮನೆಗಳ ಉತ್ತರ ಬಹುಮಟ್ಟಿಗೆ ಅದಕ್ಕೆ ವಿರುದ್ಧವಾದುದು.

ಖಾನಾವಳಿ ಎಂಬ ಶಬ್ದ ಮರಾಠಿಯಿಂದ ಬಂದುದಾದರೂ ವಸ್ತು ಈ ಎರೆಮಣ್ಣಿನದೇ. ಧಾರವಾಡದಲ್ಲಿ ೧೯೧೭ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು; ೧೯೪೯ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷವೇ ಧಾರವಾಡಕ್ಕೆ ಬಂದು ನೆಲೆಸಿತು. ಹುಬ್ಬಳ್ಳಿಯಲ್ಲಿ ರೇಲ್ವೆ ಕಾರ್ಖಾನೆಯಿತ್ತು, ಹತ್ತಿಯ ಪೇಟೆಯಿತ್ತು. ವಿದ್ಯೆಗಾಗಿ, ನೌಕರಿಗಾಗಿ, ವ್ಯಾಪಾರಕ್ಕಾಗಿ, ಇಲ್ಲವೆ ಕೋರ್ಟಿನ ತಾರೀಖಿಗಾಗಿ ಊರು ಬಿಟ್ಟು ಬಂದವರಿಗೆಲ್ಲ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಒಂದು ತಾಟು ಬೇಕಾಗುತ್ತಿತ್ತು. ಬಡ ಹುಡುಗರಿಗೆ ಮುರುಘಾಮಠದ ಪ್ರಸಾದನಿಲಯದಂಥ ಆಶ್ರಯಗಳಿದ್ದುವು. ಕೆಲವರು ವಾರಾನ್ನದ ಮನೆಗಳಲ್ಲಿ ಉಂಡು ಓದಿದರು. ವಾರಾನ್ನದ ಹುಡುಗನ ಸಂಕಟ ಅನ್ನದ್ದಲ್ಲ. ಅನ್ನವನ್ನು ಮನೆಯಾಕೆ ತಾನಾಗಿಯೇ ಬಡಿಸುತ್ತಿದ್ದಳು. ಇನ್ನೊಂದು ಚೂರು ಉಪ್ಪಿನಕಾಯಿಯನ್ನು ಕೇಳಬೇಕಾದಾಗ ಅವನ ಬಾಯಿ ಕಟ್ಟುತ್ತಿತ್ತು. ಹೆರವರ ಮನೆಯಲ್ಲಿ ಅನ್ನವನ್ನು ಕೇಳುವುದು ಹಸಿವು. ಉಪ್ಪಿನಕಾಯಿಯನ್ನು ಕೇಳುವುದು ಚಪಲ. ತಿಂಗಳ ದುಡ್ಡನ್ನು ಮುಂಗಡ ಕೊಟ್ಟು ಖಾನಾವಳಿಗೆ ಸೇರಿದ ಹುಡುಗನಿಗೆ ಆ ಸಂಕೋಚದಿಂದ ಬಿಡುಗಡೆ ದೊರೆಯಿತು. ಖಾನಾವಳಿಯ ದೊಡ್ಡಸ್ತಿಕೆ ಇರುವುದು ಇಲ್ಲಿಯೇ.

ಗಿರಾಕಿ ಕುಳಿತೊಡನೆ, ಆತ ಬಾಯಿ ತೆರೆಯುವ ಮೊದಲೇ, ತಾಟಿನ ಅಂಚಿನಲ್ಲಿ ಒಂದು ಸಣ್ಣ ಸಂತೆ ನೆರೆಯುತ್ತದೆ. ಶೇಂಗಾ, ಅಗಸಿ, ಗುರೆಳ್ಳು ಈ ಮೂರರ ಹಿಂಡಿಗಳಲ್ಲಿ ಒಂದೆರಡಾದರೂ ಇರಬೇಕು. ಹೆಚ್ಚಿದ ಉಳ್ಳಾಗಡ್ಡಿ, ಸವತೀಕಾಯಿ, ಕಟ್ಟಿನಿಂದ ಆಗಲೇ ಮುರಿದ ಹಸಿ ಮೆಂತ್ಯದ ಸೊಪ್ಪು ಬರುತ್ತವೆ. ಒಂದು ಬಟ್ಟಲು ಗಟ್ಟಿ ಮೊಸರು, ಕೆಲವೆಡೆ ಬೆಣ್ಣೆಯ ಚಿಕ್ಕ ಉಂಡೆ. ಆಮೇಲೆ ರೊಟ್ಟಿ, ಎಣ್ಣೆಗಾಯಿ ಬದನೆ, ಕಾಳುಪಲ್ಯ. ದಕ್ಷಿಣದವರು ಚಟ್ನಿಪುಡಿ ಎನ್ನುವುದನ್ನೇ ಇಲ್ಲಿ ಹಿಂಡಿ ಎನ್ನುತ್ತಾರೆ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿದು ದನಗಳ ಪಾಲಾಗುವ ವಸ್ತುವಿಗೂ ಅದೇ ಹೆಸರಿರುವುದರಿಂದ, ಮೈಸೂರು ಕಡೆಯ ಬೀಗರು ಮೊದಲ ಸಲ ಈ ಮಾತನ್ನು ಕೇಳಿ ಮುಖಮುಖ ನೋಡಿಕೊಳ್ಳುವುದುಂಟು. ತಾಟಿನಲ್ಲಿ ಹಿಂಡಿಯ ಗುಪ್ಪೆ ಬಿದ್ದ ಮೇಲೆ ಬೆರಳಿನಿಂದ ಅದರ ನೆತ್ತಿಯಲ್ಲೊಂದು ಕುಳಿ ಮಾಡಿ ಎಣ್ಣೆಯನ್ನೋ ಮೊಸರನ್ನೋ ಹಾಕಿಸಿಕೊಳ್ಳುವುದು ಬಲ್ಲವರ ಕ್ರಮ. ಬಡಿಸುವ ಹುಡುಗ "ಬೇಕೇನ್ರೀ?" ಎಂದು ಕೇಳುವುದಿಲ್ಲ, "ಇನ್ನೊಂದೀಟು ಹಾಕ್ಲೇನ್ರೀ?" ಎನ್ನುತ್ತಾನೆ. ಮೊದಲ ಪ್ರಶ್ನೆಯಲ್ಲಿ ಗಿರಾಕಿ ಬೇಡುವವನಾಗುತ್ತಾನೆ. ಎರಡನೆಯದರಲ್ಲಿ ಬೇಡವೆನ್ನುವ ಅಧಿಕಾರ ಅವನದಾಗುತ್ತದೆ.

ಈ ಹಿಂಡಿಗಳು ಬರಿಯ ನಾಲಗೆಯ ಚಪಲಕ್ಕೆ ಹುಟ್ಟಿದುವೆಂದು ತಿಳಿಯಬಾರದು. ಜೋಳದಲ್ಲಿ ಜಿಡ್ಡು ಕಡಿಮೆ. ಶೇಂಗಾ, ಅಗಸಿ, ಗುರೆಳ್ಳುಗಳಲ್ಲಿ ಅದು ಹೇರಳ. ಕಾಳನ್ನು ಹುರಿದು ಬೆಳ್ಳುಳ್ಳಿ, ಜೀರಿಗೆ, ಒಣಖಾರ, ಉಪ್ಪುಗಳೊಡನೆ ಒರಳಿನಲ್ಲಿ ಕುಟ್ಟಿದಾಗ ಎಣ್ಣೆ ತಾನಾಗಿ ಬಿಟ್ಟುಕೊಂಡು ಒಣರೊಟ್ಟಿಗೆ ಬೇಕಾದ ಸ್ನಿಗ್ಧತೆಯನ್ನು ಒದಗಿಸುತ್ತದೆ. ಅಲ್ಲದೆ ಕಟಕರೊಟ್ಟಿಯಂತೆ ಹಿಂಡಿಯೂ ವಾರಗಟ್ಟಲೆ ಕೆಡದು. ಹೊಲಕ್ಕೆ ಹೋಗುವವನ ಬುತ್ತಿಯಲ್ಲಿಯೂ ರೈಲು ಹತ್ತುವವನ ಗಂಟಿನಲ್ಲಿಯೂ ಅದಕ್ಕೆ ಸ್ಥಾನ ದೊರೆತದ್ದು ಇದರಿಂದಲೇ.

ರಂಜಕದ ಮಾತು ಬೇರೆ. ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಹಸಿಯಾಗಿರುವಾಗಲೇ ಉಪ್ಪು, ಬೆಳ್ಳುಳ್ಳಿ, ನಿಂಬೆಯ ಹುಳಿಗಳೊಡನೆ ರುಬ್ಬಿ ಜಾಡಿಯಲ್ಲಿ ತುಂಬಿಟ್ಟ ಈ ಪದಾರ್ಥದ ಹೆಸರು ಹಿಂದಿನ ಕಾಲದ ತೋಪುಗಳ ಕಿವಿಯಲ್ಲಿ ತುಂಬುತ್ತಿದ್ದ ಮದ್ದಿನ ಹೆಸರೂ ಹೌದು. ಹೆಸರಿಟ್ಟವರಿಗೆ ಹಾಸ್ಯಪ್ರವೃತ್ತಿಯೂ ಅನುಭವವೂ ಎರಡೂ ಇದ್ದಿರಬೇಕು. ಇದರ ಮಗ್ಗುಲಲ್ಲಿ ಮೊಸರು ಬರುವುದು ಆಕಸ್ಮಿಕವಲ್ಲ. ಮೆಣಸಿನಕಾಯಿಯ ಖಾರದ ಸತ್ವ ನೀರಿನಲ್ಲಿ ಕರಗುವುದಿಲ್ಲ. ಹಾಲು ಮೊಸರುಗಳಲ್ಲಿರುವ ಕೇಸೀನ್ ಎಂಬ ಪ್ರೋಟೀನು ಅದನ್ನು ಹಿಡಿದು ನಾಲಗೆಯಿಂದ ಬಿಡಿಸುತ್ತದೆ. ಕಣ್ಣಲ್ಲಿ ನೀರು ತುಂಬಿದವನು ತಂಬಿಗೆಯತ್ತ ಕೈ ಚಾಚಿದರೆ ಪರಊರಿನವನೆಂದೂ, ಮೊಸರಿನ ಬಟ್ಟಲತ್ತ ಚಾಚಿದರೆ ಇಲ್ಲಿಯವನೆಂದೂ ತಿಳಿಯಲು ಅಡ್ಡಿಯಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಹೆಸರಾದದ್ದು ಉರಿಗಿಂತ ಬಣ್ಣಕ್ಕೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಉರಿಯನ್ನೇ ಬಯಸುವವರು ಹುಬ್ಬಳ್ಳಿಯ ಸಾವಜಿ ಖಾನಾವಳಿಗಳಿಗೆ ಹೋಗುತ್ತಾರೆ. ಅಲ್ಲಿಯ ಮಾಂಸದ ಸಾರಿನ ಮುಂದೆ ಉಳ್ಳಾಗಡ್ಡಿ, ನಿಂಬೆಹಣ್ಣುಗಳು ರುಚಿಗಾಗಿ ಮಾತ್ರವಲ್ಲ, ರಕ್ಷಣೆಗಾಗಿಯೂ ಇರುತ್ತವೆ.

ಈ ಅಂಚಿನ ಸಂತೆಯಲ್ಲಿ ಅಪ್ಪಟ ಸ್ವದೇಶಿಯೆಂಬುದು ಎಷ್ಟು ಎಂದು ಕೇಳಿದರೆ ಉತ್ತರ ವಿಚಿತ್ರವಾಗುತ್ತದೆ. ಮೆಣಸಿನಕಾಯಿ ಪೋರ್ತುಗೀಜರ ಹಡಗುಗಳಲ್ಲಿ ಅಮೇರಿಕಾ ಖಂಡದಿಂದ ಬಂದುದು. ಶೇಂಗಾದ ತವರೂ ದಕ್ಷಿಣ ಅಮೇರಿಕಾ. ಗುರೆಳ್ಳಿನ ಮೂಲ ಆಫ್ರಿಕಾದ ಇಥಿಯೋಪಿಯಾ. ಅವೆಲ್ಲ ಅತಿಥಿಗಳಾಗಿ ಬಂದು, ಕೇಳದೆಯೇ ಬಡಿಸಿಕೊಂಡು, ಮನೆಯವರಾಗಿ ಕುಳಿತಿವೆ.

ಜರ್ಮನರೂ ಒಮ್ಮೆ ಈ ಎರಡೂ ಊರುಗಳಿಗೆ ಅತಿಥಿಗಳಾಗಿ ಬಂದವರೇ. ಬಾಸೆಲ್ ಮಿಶನ್ನಿನವರು ೧೮೩೭ರಲ್ಲಿ ಧಾರವಾಡಕ್ಕೂ ೧೮೩೯ರಲ್ಲಿ ಹುಬ್ಬಳ್ಳಿಗೂ ಬಂದು ನೆಲೆಯೂರಿದರು. ಸಂಸ್ಥೆ ಸ್ವಿಟ್ಜರ್ಲೆಂಡಿನದಾದರೂ ಬಂದವರಲ್ಲಿ ಅನೇಕರು ಜರ್ಮನರು. ೧೮೫೩ರಲ್ಲಿ ಭಾರತಕ್ಕೆ ಬಂದು, ೧೮೯೪ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನಾಂಡ್ ಕಿಟೆಲ್ ಅವರ ಹೆಸರನ್ನು ವಾಚಕರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಈಗ ಪ್ರವಾಹ ಹಿಂದಿರುಗಿ ಹರಿಯುತ್ತಿದೆ. ಎಂಜಿನಿಯರಿಂಗ್ ಓದಿದ ಹುಬ್ಬಳ್ಳಿ-ಧಾರವಾಡದ ತರುಣ ತರುಣಿಯರು ಉಚ್ಚ ಶಿಕ್ಷಣಕ್ಕೂ ಉದ್ಯೋಗಕ್ಕೂ ಜರ್ಮನಿಗೆ ಹೋಗುತ್ತಿದ್ದಾರೆ. ಅವರ ಪೆಟ್ಟಿಗೆಯಲ್ಲಿ ತಾಯಂದಿರು ಬಟ್ಟೆಗಿಂತ ಮೊದಲು ಇಡುವುದು ಹಿಂಡಿಯ ಡಬ್ಬಿಯನ್ನು. ಮಾಂಸ, ಹಾಲು ಮತ್ತು ಅವುಗಳಿಂದಾದ ಪದಾರ್ಥಗಳನ್ನು ಹೊರನಾಡಿನ ಪ್ರಯಾಣಿಕರು ಯುರೋಪಿನ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲವಾದ್ದರಿಂದ ತುಪ್ಪದ ಡಬ್ಬಿ ಹಿಂದೆ ಉಳಿಯುತ್ತದೆ.

ಅಲ್ಲಿ ಊಟದ ಮನೆಯನ್ನು ಹೊಕ್ಕವರಿಗೆ ಮೊದಲ ಬೆರಗು ನೀರಿನಿಂದ. ಕುಳಿತೊಡನೆ ತಂಬಿಗೆ ಬರುವುದಿಲ್ಲ. ನೀರೂ ಒಂದು ಪಾನೀಯ; ಅದನ್ನು ಹೆಸರಿಟ್ಟು ತರಿಸಿಕೊಳ್ಳಬೇಕು, ಶೀಸೆಯಲ್ಲಿ ಬಂದುದಕ್ಕೆ ಹಣ ತೆರಬೇಕು, ಗುಳ್ಳೆಯುಳ್ಳದ್ದೋ ಇಲ್ಲದ್ದೋ ಎಂಬುದನ್ನೂ ಹೇಳಬೇಕು. ನಲ್ಲಿಯ ನೀರನ್ನು ಪುಕ್ಕಟೆ ಕೊಡಬೇಕೆಂಬ ಕಟ್ಟಳೆ ಆ ದೇಶದಲ್ಲಿಲ್ಲ. ಎರಡನೆಯ ಬೆರಗು ಅಂಚಿನ ಪದಾರ್ಥಗಳಿಂದ. ಮೇಜಿನ ಮೇಲೆ ಉಪ್ಪು, ಕರಿಮೆಣಸಿನ ಪುಡಿ ಇರುತ್ತವೆ. ಹುರಿದ ಸಾಸೇಜಿನ ಅಂಗಡಿಯಾದರೆ ಸಾಸಿವೆಯ ಗೊಜ್ಜು ಧಾರಾಳವಾಗಿ ದೊರೆಯುತ್ತದೆ, ಅದಕ್ಕೆ ಹಣವಿಲ್ಲ. ಆದರೆ ಅದೇ ಅಂಗಡಿಯಲ್ಲಿ ಕರಿದ ಆಲೂಗಡ್ಡೆಗೆ ಟೊಮೆಟೊ ಕೆಚಪ್ಪನ್ನೋ ಮೊಟ್ಟೆಯ ಮೇಯೊನೇಸನ್ನೋ ಬಯಸಿದರೆ ಹಲವೆಡೆ ಕೆಲವು ಸೆಂಟುಗಳನ್ನು ಬೇರೆಯಾಗಿ ಎಣಿಸಿಕೊಡಬೇಕು. ಎರಡನ್ನೂ ಬಯಸುವವರು "ಕೆಂಪು-ಬಿಳಿ" ಎಂದಷ್ಟೇ ಹೇಳುತ್ತಾರೆ. ಅಂಗಡಿಯವನಿಗೆ ಅಷ್ಟು ಸಾಕು.

ಸಾಸಿವೆಗೆ ಈ ಗೌರವ ಏಕೆ ಎಂಬುದಕ್ಕೆ ಅವರ ಭಾಷೆಯೇ ಸಾಕ್ಷಿ. ಯಾರಾದರೂ ಕೇಳದೆ ಅಭಿಪ್ರಾಯ ಹೇಳಿದರೆ ಜರ್ಮನರು "ತನ್ನ ಸಾಸಿವೆಯನ್ನೂ ಸೇರಿಸಿದ" ಎನ್ನುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಸಾಸಿವೆ ದೊಡ್ಡ ಪದಾರ್ಥವೆನಿಸಿತ್ತೆಂದೂ, ಹೋಟೆಲಿನವರು ಒಪ್ಪಲಿ ಬಿಡಲಿ ಎಲ್ಲ ಭಕ್ಷ್ಯಗಳ ಬದಿಗೂ ಅದನ್ನು ಕೇಳದೆಯೇ ಇಡುತ್ತಿದ್ದರೆಂದೂ, ನುಡಿಗಟ್ಟು ಅದರಿಂದ ಹುಟ್ಟಿತೆಂದೂ ವಿವರಿಸುವುದುಂಟು. ಕನ್ನಡದಲ್ಲಿ ಉಪ್ಪು ಖಾರ ಹಚ್ಚಿ ಹೇಳುವವನು ಸುದ್ದಿಯನ್ನು ಸ್ವಾರಸ್ಯಗೊಳಿಸುತ್ತಾನೆ. ಅವನ ಮೇಲೆ ಆರೋಪವಿದ್ದರೂ ಕೇಳುವವರ ಕಿವಿ ಅರಳಿರುತ್ತದೆ. ಜರ್ಮನನ ಸಾಸಿವೆ ಮಾತ್ರ ಬರಿಯ ಅಧಿಕಪ್ರಸಂಗ. ಒಂದೇ ಬಗೆಯ ಅಂಚಿನ ಪದಾರ್ಥ ಎರಡು ಭಾಷೆಗಳಲ್ಲಿ ಎಷ್ಟು ಬೇರೆಯಾದ ಬುದ್ಧಿಯನ್ನು ಹೊರುತ್ತಿದೆಯೆಂಬುದನ್ನು ನೋಡಿದರೆ, ಕೇಳದೆ ಬಡಿಸುವ ಪದ್ಧತಿಯನ್ನು ಆ ಜನ ಒಮ್ಮೆ ಕಂಡು, ಬೇಸತ್ತು, ಬಿಟ್ಟರೇನೋ ಎನ್ನಿಸುತ್ತದೆ.

ಯಾವುದಕ್ಕೆ ಯಾವುದು ಎಂಬ ಕಟ್ಟುನಿಟ್ಟೂ ಅವರಲ್ಲಿ ಹೆಚ್ಚು. ಮ್ಯೂನಿಕ್ ನಗರದ ಬಿಳಿಯ ಸಾಸೇಜಿಗೆ ಸಿಹಿ ಸಾಸಿವೆಯೇ ಆಗಬೇಕು. ಯೋಹಾನ್ ಕೊನ್ರಾಡ್ ಡೆವೆಲೈ ಎಂಬಾತ ೧೮೫೪ರಲ್ಲಿ ಅಲ್ಲಿ ಅದನ್ನು ಸಿದ್ಧಗೊಳಿಸಿದ. ಅದರೊಡನೆ ಕೆಚಪ್ಪನ್ನು ಕೇಳುವುದು ಹೋಳಿಗೆಗೆ ರಂಜಕವನ್ನು ಕೇಳಿದಂತೆ. ಕಾಡುಪ್ರಾಣಿಯ ಮಾಂಸಕ್ಕೆ ಕೆಂಪು ಹಣ್ಣಿನ ಮುರಬ್ಬ, ಆಲೂಗಡ್ಡೆಯ ದೋಸೆಗೆ ಸೇಬಿನ ಗೊಜ್ಜು, ಹೀಗೆ ಜೋಡಿಗಳು ಗೊತ್ತಾಗಿವೆ. ಇಷ್ಟಾದರೂ ಹೊರಗಿನದಕ್ಕೆ ಬಾಗಿಲು ಮುಚ್ಚಿಲ್ಲ. ಬರ್ಲಿನ್ ಇನ್ನೂ ಯುದ್ಧದ ಗಾಯಗಳಿಂದ ಚೇತರಿಸಿಕೊಳ್ಳುತ್ತಿದ್ದಾಗ, ೧೯೪೯ರ ಸೆಪ್ಟಂಬರದಲ್ಲಿ, ಹೆರ್ಟಾ ಹೊಯ್‌ವರ್ ಎಂಬ ಅಂಗಡಿಯಾಕೆ ಟೊಮೆಟೊಕ್ಕೆ ಕರಿಪುಡಿಯನ್ನೂ ಬೇರೆ ಮಸಾಲೆಗಳನ್ನೂ ಕೂಡಿಸಿ ಸಾಸೇಜಿನ ಮೇಲೆ ಸುರಿದಳು. ೧೯೫೯ರಲ್ಲಿ ಆ ಗೊಜ್ಜಿನ ಹೆಸರನ್ನು ನೋಂದಾಯಿಸಿಕೊಂಡಳು. ಇಂದು ಕರಿವುರ್ಸ್ಟ್ ಎಂಬ ಹೆಸರಿನಿಂದ ದೇಶವ್ಯಾಪಿಯಾದ ಆ ತಿನಿಸಿನ ಮೊದಲರ್ಧ ದಕ್ಷಿಣ ಭಾರತದ ಮಾತು. ೧೯೬೧ರ ಒಪ್ಪಂದದ ತರುವಾಯ ದುಡಿಯಲು ಬಂದ ತುರ್ಕರು ಖಾರವನ್ನೂ ತಂದರು. ಅವರ ಡೋನರ್ ಅಂಗಡಿಗಳಲ್ಲಿ ಮಾತ್ರ "ಖಾರ ಹಾಕಲೇ?" ಎಂದು ತಾವಾಗಿಯೇ ಕೇಳುತ್ತಾರೆ, ಆ ಖಾರಕ್ಕೆ ಬೇರೆ ಹಣವಿಲ್ಲ. ಧಾರವಾಡದ ಹುಡುಗರು ವಾರಕ್ಕೊಮ್ಮೆ ಅಲ್ಲಿಗೆ ಹೋಗುವುದು ಕೇವಲ ಹೊಟ್ಟೆಗಾಗಿ ಅಲ್ಲವೆಂದು ಊಹಿಸಬಹುದು.

ಊಟ ಮುಗಿದಾಗ ಬಡಿಸಿದವನು ಬಂದು "ಒಟ್ಟಿಗೆಯೋ, ಬೇರೆ ಬೇರೆಯೋ?" ಎಂದು ವಿಚಾರಿಸುತ್ತಾನೆ. ಬೇರೆ ಬೇರೆ ಎಂದರೆ ಒಬ್ಬೊಬ್ಬರು ಉಂಡುದನ್ನೂ ಕುಡಿದುದನ್ನೂ ತಾಳ್ಮೆಯಿಂದ ಕೂಡಿಸಿ ಹೇಳುತ್ತಾನೆ. ಹುಬ್ಬಳ್ಳಿಯಲ್ಲಿ ಗಲ್ಲೆಯ ಮುಂದೆ ಒಬ್ಬರ ಕೈಯನ್ನೊಬ್ಬರು ಹಿಡಿದು "ನಾ ಕೊಡ್ತೇನಿ, ನಾ ಕೊಡ್ತೇನಿ" ಎಂದು ನಡೆಯುವ ಕುಸ್ತಿಗೆ ಅಲ್ಲಿ ಅವಕಾಶವಿಲ್ಲ. ಅದರಲ್ಲಿ ಸೋಲಬೇಕೆಂದು ಹಾರೈಸುವ ಕುಸ್ತಿಪಟುಗಳೂ ಇರುತ್ತಾರೆಂಬುದು ಬೇರೆ ಮಾತು.

ಇದನ್ನೆಲ್ಲ ಕೇಳಿ, ಜರ್ಮನರು ಜಿಪುಣರೆಂದು ತೀರ್ಮಾನಿಸುವುದು ಅವಸರದ ನ್ಯಾಯ. ಅವರ ಲೆಕ್ಕದಲ್ಲಿ ಒಂದು ಪ್ರಾಮಾಣಿಕತೆಯಿದೆ. ಕೆಚಪ್ಪು ಬೇಡವಾದವನು ಬೇಕಾದವನ ಕೆಚಪ್ಪಿಗೆ ಹಣ ಕೊಡಬೇಕಾಗಿಲ್ಲ. ತರಿಸಿಕೊಂಡುದನ್ನು ಜನ ತಿಂದು ಮುಗಿಸುತ್ತಾರೆ. ಖಾನಾವಳಿಯ ಮೋರಿಯ ಬಳಿ ಒಂದು ಗಳಿಗೆ ನಿಂತವರಿಗೆ, ಕೇಳದೆ ಬಡಿಸಿದ ಹಿಂಡಿ ಎಷ್ಟು ತಾಟುಗಳಿಂದ ಮುಟ್ಟದೆಯೇ ತೊಳೆದುಹೋಗುತ್ತದೆಂಬುದು ತಿಳಿದೀತು. ಆ ಹಿಂಡಿಯನ್ನು ಕುಟ್ಟಿದ ಹೆಂಗಸಿನ ತೋಳನ್ನು ನೆನೆದರೆ ಅದು ಔದಾರ್ಯವಲ್ಲ, ಅಲಕ್ಷ್ಯ. ಕೇಳದೆ ಕೊಟ್ಟುದು ಪುಕ್ಕಟೆಯೂ ಅಲ್ಲ. ತಾಟಿನ ಬೆಲೆಯಲ್ಲಿ ಅದು ಸೇರಿಯೇ ಇದೆ. ಕೊಡುವವನು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಹೀಗಿದ್ದರೂ ಖಾನಾವಳಿಯ ಪಕ್ಷವೇ ಹೆಚ್ಚು ಬಲವುಳ್ಳದ್ದು. ಜರ್ಮನಿಯ ಲೆಕ್ಕ ಜೇಬಿನಲ್ಲಿ ಸ್ವಲ್ಪ ಹೆಚ್ಚು ಇರುವವರಿಗೆ ಹೊಂದುತ್ತದೆ. ತಿಂಗಳ ಕೊನೆಯ ವಾರ ಪಲ್ಯ ಎರಡನೆಯ ಸಲ ಬಾರದಿದ್ದರೂ ಮೂರನೆಯ ರೊಟ್ಟಿಗೆ ಹಿಂಡಿಯಿದೆ ಎಂಬ ಭರವಸೆಯ ಮೇಲೆ ಎಷ್ಟು ಪದವಿಗಳು ಪೂರ್ತಿಯಾದುವೆಂಬುದನ್ನು ಯಾವ ವಿಶ್ವವಿದ್ಯಾಲಯದ ವರದಿಯೂ ಬರೆದಿಲ್ಲ. ಬಡಿಸುವವನು ಮುಖ ನೋಡದೆ ಬಡಿಸುತ್ತಿದ್ದ. ಅದರಿಂದ ಬಡವನೂ ಸಿರಿವಂತನೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಅಂಚನ್ನು ಉಣ್ಣುವುದು ಸಾಧ್ಯವಾಯಿತು. ಅಂಚಿಗೆ ಬೆಲೆ ಕಟ್ಟಿದ ದಿನ ಆ ಸಾಲು ಎರಡಾಗುತ್ತದೆ.

ಶೇಂಗಾದ ಬೆಲೆ ಏರಿದಾಗ, ಮೆಣಸಿನಕಾಯಿಯ ಬೆಳೆ ಮಳೆಗೆ ಸಿಕ್ಕಾಗ, ಖಾನಾವಳಿಯ ಯಜಮಾನನ ಮುಂದೆ ಎರಡು ದಾರಿಗಳಿರುತ್ತವೆ. ಹಲಗೆಯ ಮೇಲಿನ ತಾಟಿನ ಬೆಲೆಯನ್ನು ಅಳಿಸಿ ಹೆಚ್ಚಿಸುವುದು ಒಂದು; ಬೆಲೆಯನ್ನು ಹಾಗೆಯೇ ಬಿಟ್ಟು ಅಂಚನ್ನು ಸದ್ದಿಲ್ಲದೆ ಸಣ್ಣದಾಗಿಸುವುದು ಇನ್ನೊಂದು. ಎರಡನೆಯದೇ ಸುಲಭ; ಗಿರಾಕಿಗೆ ಕೂಡಲೆ ತಿಳಿಯದು. ಮೊದಲು ಗುರೆಳ್ಳು ಮಾಯವಾಗುತ್ತದೆ. ಆಮೇಲೆ ಬೆಣ್ಣೆಗೂ ಮೊಸರಿಗೂ ಬೇರೆ ಬೆಲೆ ಬರುತ್ತದೆ. ಅನಂತರ ಉಳ್ಳಾಗಡ್ಡಿಯ ಬದಲು ಕೋಸಿನ ಚೂರು. ಕೊನೆಗೆ ಹಿಂಡಿಯ ಸ್ಥಾನದಲ್ಲಿ ಅಂಗಡಿಯಿಂದ ತಂದ ಪೊಟ್ಟಣ. ಹೊಸ ಬಗೆಯ ಉಪಾಹಾರಗೃಹಗಳಲ್ಲಿ ಟೊಮೆಟೊ ಸಾಸಿನ ಪ್ಲಾಸ್ಟಿಕ್ ಪೊಟ್ಟಣಗಳು ಈಗಾಗಲೇ ಮೇಜನ್ನೇರಿವೆ. ತಮಾಷೆಯೆಂದರೆ, ಜರ್ಮನಿ ಇತ್ತ ಹಿಂದಕ್ಕೆ ಹೆಜ್ಜೆಯಿಡುತ್ತಿದೆ. ಯುರೋಪಿನ ಒಕ್ಕೂಟ ೨೦೨೫ರಲ್ಲಿ ಜಾರಿಗೆ ತಂದ ಕಟ್ಟಳೆಯಂತೆ, ೨೦೩೦ರ ಜನವರಿ ೧ರಿಂದ ಊಟದ ಮನೆಗಳಲ್ಲಿ ಕುಳಿತು ಉಣ್ಣುವವರಿಗೆ ಸಾಸು, ಸಕ್ಕರೆ ಮುಂತಾದುವನ್ನು ಒಬ್ಬರಿಗೊಂದರಂತೆ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕೊಡುವಂತಿಲ್ಲ. ಅಲ್ಲಿ ಜಾಡಿ ಮೇಜಿಗೆ ಮರಳುವ ಹೊತ್ತಿಗೆ ಇಲ್ಲಿ ಜಾಡಿ ಅಟ್ಟವನ್ನೇರಿರದಿದ್ದರೆ ಸಾಕು.

ಬೆಲೆ ಏರಿಸುವ ಯಜಮಾನನೊಡನೆ ಜಗಳವಾಡುವ ಗಿರಾಕಿ, ಅಂಚನ್ನು ಕತ್ತರಿಸುವ ಯಜಮಾನನಿಗೆ ತಾನೇ ದಾರಿ ತೋರಿಸುತ್ತಾನೆ. ಅವಳಿನಗರದ ಓಣಿ ಓಣಿಗಳಲ್ಲಿ ಹೆಣ್ಣುಮಕ್ಕಳು ರೊಟ್ಟಿ ಬಡಿದು, ಹಿಂಡಿ ಕುಟ್ಟಿ, ತೂಕದ ಮೇಲೆ ಮಾರಿ ಸಂಸಾರ ಸಾಗಿಸುತ್ತಿದ್ದಾರೆ. ಖಾನಾವಳಿಗಳಿಗೂ ಮನೆಗಳಿಗೂ ಪರದೇಶಕ್ಕೆ ಹೋಗುವ ಪೆಟ್ಟಿಗೆಗಳಿಗೂ ಅವರಿಂದಲೇ ಪೂರೈಕೆ. ತಾಟಿಗೆ ಹತ್ತು ರೂಪಾಯಿ ಹೆಚ್ಚಾದರೆ ಅದರಲ್ಲೊಂದು ಪಾಲು ಅವರ ಒರಳಿಗೆ ಸಲ್ಲಬಹುದು. ಪೊಟ್ಟಣ ಬಂದರೆ ಏನೂ ಸಲ್ಲುವುದಿಲ್ಲ.

ಇನ್ನು, ಮಕ್ಕಳನ್ನು ಜರ್ಮನಿಗೆ ಕಳಿಸುವ ತಾಯಿತಂದೆಗಳು ತಿಳಿದಿರಬೇಕಾದ ಒಂದು ಸಂಗತಿಯಿದೆ. ಬವೇರಿಯಾ ಪ್ರಾಂತದಲ್ಲಿ ಚೆಸ್ಟ್‌ನಟ್ ಮರಗಳ ನೆರಳಿನಲ್ಲಿ ಉದ್ದನೆಯ ಮೇಜುಗಳನ್ನು ಹಾಕಿದ ಪಾನೋದ್ಯಾನಗಳುಂಟು. ಬಿಯರು ಅಲ್ಲಿಯ ಮುಖ್ಯ ಪಾನೀಯವಾದರೂ ಸೇಬಿನ ರಸ, ನಿಂಬೆಯ ಷರಬತ್ತುಗಳಿಗೂ ಕೊರತೆಯಿಲ್ಲ. ಕುಟುಂಬಗಳು ಮಕ್ಕಳೊಡನೆ ಬಂದು ಕೂರುತ್ತವೆ. ೧೮೧೨ರಲ್ಲಿ ಅಲ್ಲಿಯ ಅರಸ ಮದ್ಯ ತಯಾರಿಸುವವರಿಗೆ ತಮ್ಮ ನೆಲಮಾಳಿಗೆಗಳ ಬಳಿ ಬಿಯರು, ಬ್ರೆಡ್ಡುಗಳನ್ನು ಮಾರಲು ಅನುಮತಿಯಿತ್ತು, ಬೇರೆ ಊಟವನ್ನು ಮಾರದಂತೆ ತಡೆದ. ಜನ ಮನೆಯಿಂದಲೇ ಬುತ್ತಿ ತರತೊಡಗಿದರು. ೧೯೯೯ರ ಬವೇರಿಯಾದ ನಿಯಮವೂ ಸ್ವಂತ ಬುತ್ತಿಯನ್ನು ತಂದು ಹಣ ಕೊಡದೆ ಉಣ್ಣುವ ಅನುಕೂಲವನ್ನು ಇಂಥ ಉದ್ಯಾನದ ಲಕ್ಷಣವೆಂದೇ ಎಣಿಸಿದೆ. ಬಟ್ಟೆ ಹಾಸಿದ ಮೇಜು ಬಡಿಸಿಕೊಳ್ಳುವವರದು. ಬರಿಯ ಹಲಗೆಯ ಮೇಜು ಬುತ್ತಿಯವರದು. ಆದುದರಿಂದ ಮ್ಯೂನಿಕ್ಕಿನಲ್ಲಿ ಓದುವ ಧಾರವಾಡದ ಹುಡುಗಿ ಬರಿಯ ಮೇಜಿನ ಮುಂದೆ ಕುಳಿತು, ಕಟಕರೊಟ್ಟಿಯನ್ನು ಮುರಿದು, ಶೇಂಗಾ ಹಿಂಡಿಯ ಡಬ್ಬಿಯನ್ನು ತೆರೆದರೆ ಯಾರೂ ಆಕ್ಷೇಪಿಸುವಂತಿಲ್ಲ. ಪಕ್ಕದ ಜರ್ಮನ್ ಅಜ್ಜ ತನ್ನ ಮೂಲಂಗಿಯ ಬಿಲ್ಲೆಗಳಿಗೆ ಉಪ್ಪು ಹಚ್ಚಿಕೊಳ್ಳುತ್ತ, ಅದೇನೆಂದು ಕೇಳಿದರೂ ಕೇಳಬಹುದು. ಕುಡಿಯುವ ನೀರನ್ನು ಮಾತ್ರ ಅವಳು ಅಲ್ಲಿಯೇ ಕೊಳ್ಳಬೇಕು.